ಮೆಕ್ಸಿಕೊ ಸುಂಕ ಏರಿಸಿದರೆ ಉದ್ಯಮಬಾಗಕ್ಕೆ ಯಾಕೆ ಬಿಸಿ? ವ್ಯಾಪಾರ ಒಪ್ಪಂದ ಮತ್ತು ದೊಡ್ಡ ದೇಶಗಳ ಪೈಪೋಟಿ ಬಗ್ಗೆ ಚರ್ಚೆ

ಉದ್ಯಮಬಾಗ ಎರಕ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಕಾಸ್ಟಿಂಗ್ (ಲೋಹದ ಎರಕ), ಮಷೀನಿಂಗ್ ಕೆಲಸ ಮಾಡಿಸುವವನು. ಒಂದು ಪ್ರಶ್ನೆ ಬಹಳ ದಿನದಿಂದ ಕಾಡುತ್ತಿದೆ.

2025ರ ಡಿಸೆಂಬರ್‌ನಲ್ಲಿ ಮೆಕ್ಸಿಕೊ ಸಂಸತ್ತು ಸುಂಕ ಏರಿಸುವ ಕಾಯ್ದೆ ಪಾಸು ಮಾಡಿತು. ತನ್ನ ಜೊತೆ ವ್ಯಾಪಾರ ಒಪ್ಪಂದ ಇಲ್ಲದ ದೇಶಗಳ ಸಾವಿರಕ್ಕೂ ಹೆಚ್ಚು ಬಗೆಯ ಸರಕಿಗೆ ಅದು ತಟ್ಟುತ್ತದೆ. ಕೆಲವಕ್ಕೆ ಶೇ 50ರವರೆಗೆ. ವಾಹನ, ಬಿಡಿಭಾಗ, ಉಕ್ಕು, ಬಟ್ಟೆ ಎಲ್ಲಾ ಪಟ್ಟಿಯಲ್ಲಿವೆ. ಗುರಿ ಚೀನಾ ಅಂತ ಪತ್ರಿಕೆಗಳು ಬರೆದವು. ಆದರೆ ಪಟ್ಟಿಯಲ್ಲಿ ಭಾರತವೂ ಇದೆ. ದಕ್ಷಿಣ ಕೊರಿಯಾ, ಥಾಯ್ಲೆಂಡ್, ಇಂಡೊನೇಷ್ಯಾ ಕೂಡ ಇವೆ.

ಮೆಕ್ಸಿಕೊಗೂ ನಮಗೂ ಯಾವ ಜಗಳವೂ ಇಲ್ಲ. ನಮ್ಮ ಕಡೆಯ ಎಷ್ಟೋ ಫೌಂಡ್ರಿಗಳು (ಎರಕದ ಕಾರ್ಖಾನೆಗಳು) ವಾಹನ ಕಂಪನಿಗಳಿಗೆ ಭಾಗ ಕೊಡುವವು. ಆ ಕಂಪನಿಗಳ ರಫ್ತು ಕಡಿಮೆಯಾದರೆ ಆರ್ಡರ್ ಕಡಿಮೆಯಾಗೋದು ನಮ್ಮ ಅಂಗಳದಲ್ಲೇ. ಅಮೆರಿಕ, ಚೀನಾ ತಮ್ಮ ತಮ್ಮಲ್ಲಿ ಹೊಡೆದಾಡಿದರೆ ಮೆಕ್ಸಿಕೊ ನಮ್ಮ ಮೇಲೆ ಯಾಕೆ ಸುಂಕ ಹಾಕಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ನವನಗರ ಮಾಸ್ತರ (ಬಾಗಲಕೋಟೆ)

ಒಳ್ಳೆಯ ಪ್ರಶ್ನೆ ಕೇಳಿದಿರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಮೆರಿಕ, ಮೆಕ್ಸಿಕೊ, ಕೆನಡಾ ನಡುವೆ 1994ರಿಂದ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಇತ್ತು. ಅದರ ಜಾಗದಲ್ಲಿ 2020ರ ಜುಲೈ 1ರಿಂದ ಯುಎಸ್‌ಎಂಸಿಎ ಬಂತು. ಹೊರಗಿನಿಂದ ನೋಡಿದರೆ ಮೂರು ನೆರೆಯ ದೇಶಗಳ ವ್ಯಾಪಾರದ ವಿಷಯ. ಒಳಗೆ ಓದಿದರೆ ಅರ್ಧ ಪುಟಗಳಲ್ಲಿ ಚೀನಾದ ನೆರಳಿದೆ.

ಮೊದಲು ಕಾರಿನ ನಿಯಮ ನೋಡಿ. ನಾಫ್ಟಾದಲ್ಲಿ ಕಾರಿನ ಶೇ 62.5ರಷ್ಟು ಮೌಲ್ಯ ಆ ಮೂರು ದೇಶಗಳಲ್ಲೇ ಹುಟ್ಟಿದ್ದರೆ ಸುಂಕ ಇರಲಿಲ್ಲ. ಈಗ ಅದು ಶೇ 75. ಕಾರಿನ ಶೇ 40ರಷ್ಟು ಭಾಗ ಗಂಟೆಗೆ 16 ಡಾಲರ್ ಅಥವಾ ಹೆಚ್ಚು ಕೂಲಿ ಇರುವ ಕಡೆ ತಯಾರಾಗಬೇಕು. ಕಾರು ಕಂಪನಿ ಕೊಳ್ಳುವ ಉಕ್ಕು, ಅಲ್ಯೂಮಿನಿಯಂನಲ್ಲಿ ಶೇ 70 ಉತ್ತರ ಅಮೆರಿಕದ್ದೇ ಆಗಬೇಕು. ನಿಮ್ಮ ಕಸುಬಿಗೆ ನೇರ ಸಂಬಂಧಿಸಿದ ಮಾತು ಒಂದಿದೆ: ಏಳು ವರ್ಷದ ನಂತರ, ಅಂದರೆ 2027ರಿಂದ, ಆ ಉಕ್ಕು ಉತ್ತರ ಅಮೆರಿಕದಲ್ಲೇ ಕರಗಿ, ಅಲ್ಲೇ ಹೊಯ್ದದ್ದು ಆಗಿರಬೇಕು. ಬೇರೆ ಕಡೆಯಿಂದ ಸ್ಲ್ಯಾಬ್ (ಉಕ್ಕಿನ ದಪ್ಪ ಹಲಗೆ) ತಂದು ಮೆಕ್ಸಿಕೊದಲ್ಲಿ ಬರೀ ಉರುಳಿಸಿದರೆ ಆಗದು.

ಇನ್ನೊಂದು ಕಲಂ 32.10. ಮೂವರಲ್ಲಿ ಯಾರಾದರೂ 'ಮಾರುಕಟ್ಟೆ ಆರ್ಥಿಕತೆ ಅಲ್ಲದ' ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಹೊರಟರೆ ಉಳಿದಿಬ್ಬರಿಗೆ ಮೊದಲೇ ತಿಳಿಸಬೇಕು. ಸಹಿ ಹಾಕಿಬಿಟ್ಟರೆ ಉಳಿದಿಬ್ಬರು ಅವರನ್ನು ಬಿಟ್ಟು ತಮ್ಮಿಬ್ಬರ ನಡುವೆ ಒಪ್ಪಂದ ಮಾಡಿಕೊಳ್ಳಬಹುದು. ಚೀನಾ ಎಂಬ ಹೆಸರು ಆ ಕಲಮಿನಲ್ಲಿ ಇಲ್ಲ. ಆದರೆ ಕೆನಡಾಕ್ಕೂ ಮೆಕ್ಸಿಕೊಗೂ ಅದು ಯಾರ ಬಗ್ಗೆ ಅಂತ ಚೆನ್ನಾಗಿ ಗೊತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2023ರಲ್ಲಿ ಅಮೆರಿಕಕ್ಕೆ ಸರಕು ಕಳಿಸುವುದರಲ್ಲಿ ಮೆಕ್ಸಿಕೊ ಚೀನಾವನ್ನು ಹಿಂದೆ ಹಾಕಿತು. ಚೀನಾ ಮಾಲೇ ಮೆಕ್ಸಿಕೊ ಬಾಗಿಲಿಂದ ಬರುತ್ತಿದೆ ಅಂತ ಅಮೆರಿಕ ದೂರಿತು. 2024ರ ಜುಲೈನಲ್ಲಿ ಉತ್ತರ ಅಮೆರಿಕದಲ್ಲಿ ಕರಗಿಸಿ ಹೊಯ್ಯದ ಉಕ್ಕು ಮೆಕ್ಸಿಕೊದಿಂದ ಬಂದರೆ ಶೇ 25 ಸುಂಕ ಅಂತ ಹೇಳಿತು. ಯುಎಸ್‌ಎಂಸಿಎಯ ಜಂಟಿ ಪರಿಶೀಲನೆಗೆ ಒಪ್ಪಂದದಲ್ಲೇ ಬರೆದಿಟ್ಟ ದಿನ 2026ರ ಜುಲೈ 1. ಆ ಪರಿಶೀಲನೆ ಹತ್ತಿರ ಬರುವಾಗ ಮೆಕ್ಸಿಕೊ ತನ್ನ ಬಾಗಿಲು ಬಿಗಿ ಮಾಡಿತು. ಅದಕ್ಕೆ ತನ್ನ ಉದ್ಯಮ ಕಾಪಾಡುವ ಕಾರಣವೂ ಇದೆ, ಇಲ್ಲ ಅನ್ನಲಾರೆ. ಆದರೆ 'ಒಪ್ಪಂದ ಇಲ್ಲದ ದೇಶ' ಅಂತ ಗೆರೆ ಎಳೆದಾಗ ನಾವು ಗೆರೆಯ ಆಚೆ ಉಳಿದೆವು. ನಮ್ಮ ಮೇಲೆ ಸಿಟ್ಟಿರಲಿಲ್ಲ, ನಮ್ಮ ಕೈಯಲ್ಲಿ ಕಾಗದ ಇರಲಿಲ್ಲ. ಅಷ್ಟೇ.

ಓದುಗಿ (ವಿಜಯಪುರ)

ಮಾಸ್ತರ್ರೇ, ಕೆಎಎಸ್‌ಗೆ ಓದುತ್ತಿರುವವಳು ನಾನು. ಇದಕ್ಕೆ ಏಷ್ಯಾದ ಕಥೆ ಸೇರಿಸಬೇಕು ಅನ್ನಿಸಿತು.

ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದ ಟಿಪಿಪಿಗೆ 12 ದೇಶಗಳು 2016ರ ಫೆಬ್ರುವರಿ 4ರಂದು ಆಕ್ಲೆಂಡ್‌ನಲ್ಲಿ ಸಹಿ ಹಾಕಿದವು. ಒಬಾಮ ಆಗ ಬಹಿರಂಗವಾಗಿಯೇ ಹೇಳುತ್ತಿದ್ದರು: ಏಷ್ಯಾದ ವ್ಯಾಪಾರದ ನಿಯಮ ಬರೆಯಬೇಕಾದದ್ದು ಅಮೆರಿಕ, ಚೀನಾ ಅಲ್ಲ. ಚೀನಾ ಅದರಲ್ಲಿ ಇರಲಿಲ್ಲ. 2017ರ ಜನವರಿ 23ರಂದು ಟ್ರಂಪ್ ಅದರಿಂದ ಹೊರಬಂದರು. ಜಪಾನ್ ಸುಮ್ಮನೆ ಕೂರಲಿಲ್ಲ. ಉಳಿದ 11 ದೇಶಗಳನ್ನು ಹಿಡಿದು ಕೂರಿಸಿ, 2018ರ ಮಾರ್ಚ್‌ನಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಸಿಪಿಟಿಪಿಪಿ ಎಂಬ ಹೆಸರಲ್ಲಿ ಸಹಿ ಹಾಕಿಸಿತು. 2021ರ ಸೆಪ್ಟೆಂಬರ್ 15ರಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಸೇರಿ ಆಕಸ್ ರಕ್ಷಣಾ ಕೂಟ ಘೋಷಿಸಿದವು. ಮರುದಿನವೇ ಚೀನಾ ಸಿಪಿಟಿಪಿಪಿ ಸೇರಲು ಅರ್ಜಿ ಹಾಕಿತು. ವಾರದೊಳಗೆ ತೈವಾನ್ ಕೂಡ ಹಾಕಿತು. ಹೊಸಬರು ಸೇರಬೇಕಾದರೆ ಒಳಗಿರುವ ಎಲ್ಲರೂ ಒಪ್ಪಬೇಕು. ಹಾಗಾಗಿ ಆಸ್ಟ್ರೇಲಿಯಾ, ಜಪಾನ್ ಕೈಯಲ್ಲಿ ಚೀನಾದ ಅರ್ಜಿ ಸಿಕ್ಕಿಕೊಂಡಿತು. ಅವರಿಗೆ ಇಂಥ ಬಲ ಬೇರೆಲ್ಲೂ ಸಿಗುತ್ತಿರಲಿಲ್ಲ.

ಇತ್ತ ಇನ್ನೊಂದು ಮುಕ್ತ ವ್ಯಾಪಾರ ಕೂಟ, ಆರ್‌ಸಿಇಪಿ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ 10 ದೇಶ, ಜೊತೆಗೆ ಚೀನಾ, ಜಪಾನ್, ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. 2020ರ ನವೆಂಬರ್ 15ಕ್ಕೆ ಸಹಿ, 2022ರ ಜನವರಿ 1ರಿಂದ ಜಾರಿ. ಚೀನಾ, ಜಪಾನ್ ನಡುವೆ ಇದೇ ಮೊದಲ ಮುಕ್ತ ವ್ಯಾಪಾರ ಒಪ್ಪಂದ. ಅಮೆರಿಕದ ಮಿತ್ರ ಜಪಾನ್ ಚೀನಾದ ಜೊತೆ ಒಂದೇ ಕೂಟದಲ್ಲಿ ಕೂತಿದೆ. ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಹೊರಬಂತು. ನನ್ನ ಪ್ರಶ್ನೆ: ನಾವು ಹೊರಬಂದದ್ದು ಸರಿಯಾ?

ತಿಕೋಟಾ ಬೆಳೆಗಾರ (ವಿಜಯಪುರ)

ಸರಿ. ನೂರಕ್ಕೆ ನೂರು ಸರಿ.

ನಮ್ಮ ಜಿಲ್ಲೆಯ ಒಣದ್ರಾಕ್ಷಿ ಬೆಳೆಗಾರನ ಕಡೆಯಿಂದ ನೋಡಿ ತಂಗಿ. ಬೋರ್‌ವೆಲ್ ಸಾಲ, ಔಷಧ, ಕೂಲಿ, ಶೆಡ್ಡು ಎಲ್ಲಾ ಸೇರಿಸಿ ಬೆಳೆ ತೆಗೆಯುತ್ತೇವೆ. ಮಾರುಕಟ್ಟೆಗೆ ಹೋದರೆ ಹೊರಗಿನ ಮಣೂಕ (ಒಣದ್ರಾಕ್ಷಿ) ಅಲ್ಲೇ ಕೂತಿರುತ್ತದೆ. ಅಫ್ಘಾನಿಸ್ತಾನದ ಒಣದ್ರಾಕ್ಷಿಗೆ ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ವ್ಯಾಪಾರ ಒಪ್ಪಂದದಲ್ಲಿ ಸುಂಕದ ರಿಯಾಯಿತಿ ಇದೆ. ಅಲ್ಲಿನ ರೈತನೂ ಬದುಕಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಹೆಸರಿನಲ್ಲಿ ಬೇರೆ ದೇಶದ ಮಾಲು ಒಳಗೆ ಬರುತ್ತಿದೆ ಅನ್ನೋದು ಬೆಳೆಗಾರರ ಹಳೆಯ ದೂರು. ಒಂದು ಒಪ್ಪಂದದ ಬಾಗಿಲಲ್ಲೇ ಕಾವಲು ಕಷ್ಟವಾಗಿರುವಾಗ 15 ದೇಶಗಳ ಬಾಗಿಲು ಯಾರು ಕಾಯುತ್ತಾರೆ? ಹಾಲಿನದ್ದೂ ಹಾಗೆಯೇ. ಎರಡು ಎಮ್ಮೆ ಇಟ್ಟುಕೊಂಡು ಡೈರಿಗೆ ಹಾಲು ಹಾಕುವ ಮನೆ ನ್ಯೂಜಿಲೆಂಡಿನ ಹಾಲಿನ ಪುಡಿಯ ಎದುರು ನಿಲ್ಲುತ್ತದಾ?

ಉದ್ಯಮಬಾಗ ಎರಕ (ಬೆಳಗಾವಿ)

ಅಣ್ಣಾರ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಹಾಲು, ದ್ರಾಕ್ಷಿ ವಿಷಯದಲ್ಲಿ ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ. ಆದರೆ ಹೊರಗೆ ಉಳಿದದ್ದರಿಂದ ಚೀನಾ ಮಾಲು ನಿಂತಿತಾ? 2018-19ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರ ಕೊರತೆ ಸುಮಾರು 53 ಶತಕೋಟಿ ಡಾಲರ್. 2024-25ರಲ್ಲಿ ಅದು ಸುಮಾರು 99 ಶತಕೋಟಿ. ಒಪ್ಪಂದ ಇಲ್ಲದೆಯೇ ಹೆಚ್ಚುಕಡಿಮೆ ಎರಡು ಪಟ್ಟು ಆಯಿತು. ಮಷೀನು, ಎಲೆಕ್ಟ್ರಾನಿಕ್ಸ್, ಔಷಧದ ಕಚ್ಚಾ ಮಾಲು ಬೇಕೇ ಬೇಕು, ತರಿಸುತ್ತೇವೆ. ಅದೇ ಹೊತ್ತಿಗೆ ವಿಯೆಟ್ನಾಂ ನೋಡಿ. ಆರ್‌ಸಿಇಪಿಯಲ್ಲಿದೆ, ಸಿಪಿಟಿಪಿಪಿಯಲ್ಲಿದೆ, ಯುರೋಪಿನ ಜೊತೆಗೂ 2020ರ ಆಗಸ್ಟ್‌ನಿಂದ ಒಪ್ಪಂದ ಜಾರಿಯಲ್ಲಿದೆ. ಚೀನಾದಿಂದ ಜಾಗ ಬದಲಿಸಲು ಹೊರಟ ಕಂಪನಿಗಳು ಅಲ್ಲಿಗೆ ಹೋದವು.

ಬನಹಟ್ಟಿ ಮಗ್ಗ

ವಿಯೆಟ್ನಾಂ ಬಿಡಿ, ಬಾಂಗ್ಲಾದೇಶದ ಮಾತು ಹೇಳುತ್ತೇನೆ. ರಬಕವಿ-ಬನಹಟ್ಟಿಯ ಪವರ್‌ಲೂಮ್ ಓಣಿಯಲ್ಲಿ ಹುಟ್ಟಿ ಬೆಳೆದವನು ನಾನು.

2011ರಲ್ಲಿ ಭಾರತ ಸಾಫ್ಟಾ ಅಡಿ ಬಡ ನೆರೆ ದೇಶಗಳಿಗೆ ಬಾಗಿಲು ತೆಗೆಯಿತು. 25 ಬಗೆ ಬಿಟ್ಟು ಉಳಿದೆಲ್ಲಕ್ಕೂ ಸುಂಕ ಸೊನ್ನೆ. ಬಿಟ್ಟದ್ದು ಮದ್ಯ, ತಂಬಾಕಿನಂಥವು. ಸಿದ್ಧ ಉಡುಪು ಸುಂಕವಿಲ್ಲದೆ ಬರತೊಡಗಿತು. ಆ ಉಡುಪಿನ ಬಟ್ಟೆ ಎಲ್ಲಿಯದು? ಬಹಳಷ್ಟು ಚೀನಾದ್ದು. ಚೀನಾದಿಂದ ನೇರ ಬಂದರೆ ಸುಂಕ ಬೀಳುವ ಬಟ್ಟೆ ಅಲ್ಲಿ ಹೊಲಿಸಿಕೊಂಡು ಬಂದರೆ ಸುಂಕವಿಲ್ಲ. ನಮ್ಮ ಮಗ್ಗದ ಬಟ್ಟೆ ಸುಂಕ ಇಲ್ಲದ ಇದೇ ದೇಶದಲ್ಲಿ ಹುಟ್ಟಿ ಇಲ್ಲೇ ಸೋಲುತ್ತದೆ. ದೊಡ್ಡವರ ಪೈಪೋಟಿ ಅಂದರೆ ಹಡಗು, ಕ್ಷಿಪಣಿ ಅಂದುಕೊಳ್ಳುತ್ತೇವೆ ಅಲ್ವಾ? ನಮ್ಮ ಓಣಿಗೆ ಅದು ಶರ್ಟಿನ ರೂಪದಲ್ಲಿ ಬಂದಿದೆ.

ಇನ್ನೂ ಒಂದು ನೋಡಿ. ಢಾಕಾದಲ್ಲಿ 2024ರ ಆಗಸ್ಟ್‌ನಲ್ಲಿ ಸರ್ಕಾರ ಬಿತ್ತು. ಹೊಸಬರು ಚೀನಾ ಕಡೆ ವಾಲಿದರು, ನಮ್ಮ ಜೊತೆ ಮಾತು ಕೆಟ್ಟಿತು. 2025ರ ಮೇನಲ್ಲಿ ಭಾರತ ಬಾಂಗ್ಲಾ ಉಡುಪು ಭೂಗಡಿಯಿಂದ ಬರೋದನ್ನೇ ನಿಲ್ಲಿಸಿ, ಕೋಲ್ಕತ್ತಾ ಮತ್ತು ನವಾ ಶೇವಾ ಬಂದರಿನಿಂದ ಮಾತ್ರ ಬರಲಿ ಅಂದಿತು. ಸುಂಕ ಸೊನ್ನೆಯೇ ಇದೆ. ದಾರಿ ಮಾತ್ರ ಉದ್ದವಾಯಿತು. ಅಂದರೆ ಒಪ್ಪಂದ ಮುರಿಯದೆಯೂ ಬಿಗಿ ಮಾಡಬಹುದು. ಹಾಗಿದ್ದರೆ ಒಪ್ಪಂದಕ್ಕೆ ಏನು ಬೆಲೆ?

ನವನಗರ ಮಾಸ್ತರ (ಬಾಗಲಕೋಟೆ)

ನಿಮ್ಮ ಕೊನೆಯ ಪ್ರಶ್ನೆ ಬಹಳ ದೊಡ್ಡದು. ಅದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಸರಿಹೊಂದುತ್ತದೆ.

ಚೀನಾ, ಆಸ್ಟ್ರೇಲಿಯಾ ನಡುವೆ 2015ರ ಡಿಸೆಂಬರ್‌ನಿಂದಲೇ ಮುಕ್ತ ವ್ಯಾಪಾರ ಒಪ್ಪಂದ ಇದೆ. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಕೊರೊನಾ ಎಲ್ಲಿಂದ ಹುಟ್ಟಿತು ಅಂತ ಸ್ವತಂತ್ರ ತನಿಖೆ ಕೇಳಿತು. ಮೇನಲ್ಲಿ ಚೀನಾ ಅದರ ಬಾರ್ಲಿ ಮೇಲೆ ಶೇ 80.5 ಸುಂಕ ಹಾಕಿತು. ನವೆಂಬರ್ ಕೊನೆಗೆ ವೈನ್ ಮೇಲೆ ಶೇ 107ರಿಂದ 212ರವರೆಗೆ ಸುಂಕ ಬಂತು. ಅದೇ ನವೆಂಬರ್ 15ರಂದು ಇಬ್ಬರೂ ಆರ್‌ಸಿಇಪಿಗೆ ಸಹಿ ಹಾಕಿದ್ದರು! 'ಡಂಪಿಂಗ್ ತಡೆ' (ಅತಿ ಅಗ್ಗಕ್ಕೆ ಮಾಲು ಸುರಿಯುವುದಕ್ಕೆ ತಡೆ) ಅನ್ನುವ ಹೆಸರಲ್ಲಿ ಹಾಕಿದ್ದರಿಂದ ಕಾಗದದ ಮೇಲೆ ಒಪ್ಪಂದ ಮುರಿದಿರಲಿಲ್ಲ. ಬಾರ್ಲಿ ಸುಂಕ ಹೋದದ್ದು 2023ರ ಆಗಸ್ಟ್‌ನಲ್ಲಿ, ವೈನ್‌ದು 2024ರ ಮಾರ್ಚ್‌ನಲ್ಲಿ.

ಹಾಗಾಗಿ ಒಪ್ಪಂದ ಇದ್ದರೆ ಜಗಳ ಇರುವುದಿಲ್ಲ ಅನ್ನೋದನ್ನು ನಾನು ನಂಬುವುದಿಲ್ಲ. ಜಗಳ ಜಾಗ ಬದಲಿಸುತ್ತದೆ. ಬಹಿರಂಗ ಸುಂಕದಿಂದ ತಪಾಸಣೆಗೆ, ಬಂದರಿನ ಪಟ್ಟಿಗೆ, ಸರಕಿನ ಮೂಲದ ನಿಯಮಕ್ಕೆ (ಸರಕು ಯಾವ ದೇಶದ್ದು ಅಂತ ತೀರ್ಮಾನಿಸುವ ನಿಯಮ) ಇಳಿಯುತ್ತದೆ. ಯಾರು ಆ ಸಣ್ಣ ಅಕ್ಷರದ ನಿಯಮ ಬರೆಯುತ್ತಾರೋ ಅವರ ಕೈ ಮೇಲಾಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಆರ್‌ಸಿಇಪಿಯಲ್ಲಿ ಶೇ 40 ಮೌಲ್ಯ 15 ದೇಶಗಳಲ್ಲಿ ಎಲ್ಲಿ ಹುಟ್ಟಿದರೂ ಕೂಡಿಸಿಕೊಳ್ಳಬಹುದು. ಜಪಾನಿನ ಭಾಗ, ಚೀನಾದ ಜೋಡಣೆ, ಮಲೇಷ್ಯಾದ ಪ್ಯಾಕಿಂಗ್, ಎಲ್ಲಾ ಒಂದೇ ಲೆಕ್ಕ. ಇಂಥ ಸಡಿಲ ನಿಯಮ ಏಷ್ಯಾದ ಕಾರ್ಖಾನೆಗಳನ್ನು ಚೀನಾಕ್ಕೆ ಹೆಣೆಯುತ್ತದೆ. ಯುಎಸ್‌ಎಂಸಿಎಯ ಬಿಗಿ ನಿಯಮ ಚೀನಾವನ್ನು ಬಿಡಿಸಲು ನೋಡುತ್ತದೆ. ಎರಡರಲ್ಲೂ ಗುಂಡು ಹಾರಿಲ್ಲ. ಆದರೂ ಇವೆರಡೂ ಆ ಪೈಪೋಟಿಯ ಭಾಗವೇ.

ಓದುಗಿ (ವಿಜಯಪುರ)

ಗುಂಡು ಹಾರುವ ತನಕ ಹೋದ ಉದಾಹರಣೆಯೂ ಇದೆಯಲ್ಲ ಸರ್? ಉಕ್ರೇನ್.

ನವನಗರ ಮಾಸ್ತರ (ಬಾಗಲಕೋಟೆ)

ಇದೆ. ಯುದ್ಧಕ್ಕೆ ಅದೊಂದೇ ಕಾರಣ ಅನ್ನಬಾರದು. ಆದರೆ ಆರಂಭದ ಕಿಡಿ ವ್ಯಾಪಾರ ಒಪ್ಪಂದದ್ದೇ.

ಇಲ್ಲಿ ಎರಡು ಬಗೆ ಗೊತ್ತಿರಬೇಕು. ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಒಳಗಿನವರಿಗೆ ಸುಂಕ ಇಲ್ಲ, ಹೊರಗಿನವರಿಗೆ ಎಷ್ಟು ಸುಂಕ ಅನ್ನೋದು ಪ್ರತಿ ದೇಶದ ಇಷ್ಟ. ಸುಂಕ ಒಕ್ಕೂಟದಲ್ಲಿ ಹೊರಗಿನವರಿಗೂ ಎಲ್ಲರದ್ದೂ ಒಂದೇ ಸುಂಕ. ಹಾಗಾಗಿ ಎಷ್ಟು ಮುಕ್ತ ವ್ಯಾಪಾರ ಒಪ್ಪಂದ ಬೇಕಾದರೂ ಮಾಡಿಕೊಳ್ಳಬಹುದು, ಸುಂಕ ಒಕ್ಕೂಟ ಒಂದೇ. ರಷ್ಯಾ ಉಕ್ರೇನನ್ನು ತನ್ನ ಸುಂಕ ಒಕ್ಕೂಟಕ್ಕೆ ಕರೆಯುತ್ತಿತ್ತು. ಯುರೋಪ್ ಮುಕ್ತ ವ್ಯಾಪಾರದ ಒಪ್ಪಂದ ಮುಂದಿಟ್ಟಿತ್ತು. ಎರಡಕ್ಕೂ ಸೇರಲು ದಾರಿಯೇ ಇರಲಿಲ್ಲ. 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಯಾನುಕೋವಿಚ್ ಯುರೋಪಿನ ಒಪ್ಪಂದ ತಡೆಹಿಡಿದರು. ಜನ ಕೀವ್‌ನ ಚೌಕಕ್ಕೆ ಇಳಿದರು. ಫೆಬ್ರುವರಿಯಲ್ಲಿ ಅಧ್ಯಕ್ಷ ಓಡಿಹೋದರು, ಮಾರ್ಚ್‌ನಲ್ಲಿ ರಷ್ಯಾ ಕ್ರೈಮಿಯಾ ನುಂಗಿತು. ಒಂದೇ ಒಕ್ಕೂಟ ಆರಿಸು ಅಂತ ಸಣ್ಣ ದೇಶವನ್ನು ಗೋಡೆಗೆ ಒತ್ತಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ನನಗೆ ಗೊತ್ತಿಲ್ಲ.

ಹಳೆಯ ಕಾಲದ್ದೂ ಒಂದಿದೆ. 1834ರಲ್ಲಿ ಜರ್ಮನ್ ರಾಜ್ಯಗಳು ಪ್ರಷ್ಯಾದ ಮುಂದಾಳತ್ವದಲ್ಲಿ ಸುಂಕ ಒಕ್ಕೂಟ ಕಟ್ಟಿದವು. ಆಸ್ಟ್ರಿಯಾ ಹೊರಗೆ ಉಳಿಯಿತು. ಮುಂದೆ ಜರ್ಮನಿ ಒಂದಾದಾಗಲೂ ಅದು ಹೊರಗೇ ಉಳಿಯಿತು.

ಗೋಕಾಕ ಕಬ್ಬು

ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಇರುವಾಗ ಇಷ್ಟೊಂದು ಗುಂಪು ಯಾಕೆ ಬೇಕು? ನಾವು ಕಬ್ಬಿನವರು ಆ ಸಂಸ್ಥೆಯ ಹೆಸರು ಬಹಳ ಕೇಳಿದ್ದೇವೆ.

ಓದುಗಿ (ವಿಜಯಪುರ)

ಕಾಕಾ, ಸಕ್ಕರೆ ಕೇಸಿನಲ್ಲೇ ಉತ್ತರ ಇದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ನಮ್ಮ ಕಬ್ಬಿನ ಬೆಲೆ ಮತ್ತು ಸಕ್ಕರೆ ರಫ್ತಿನ ನೆರವಿನ ಮೇಲೆ ದೂರು ಕೊಟ್ಟವು. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. 2022ರ ಜನವರಿಯಲ್ಲಿ ಭಾರತ ಮೇಲ್ಮನವಿ ಹಾಕಿತು. ಆದರೆ ಆ ಮೇಲ್ಮನವಿ ಪೀಠದಲ್ಲಿ ಕೇಳುವವರೇ ಇಲ್ಲ! ಅಮೆರಿಕ ಹೊಸ ಸದಸ್ಯರ ನೇಮಕ ತಡೆದು, 2019ರ ಡಿಸೆಂಬರ್‌ನಿಂದ ಅದು ಕೆಲಸ ಮಾಡುತ್ತಿಲ್ಲ. ಸದ್ಯಕ್ಕೆ ನಮ್ಮ ಕಬ್ಬಿಗೆ ಅದರಿಂದ ರಕ್ಷಣೆ ಸಿಕ್ಕಿದೆ. ನಾಳೆ ನಾವು ದೂರು ಕೊಟ್ಟಾಗಲೂ ಹೀಗೆಯೇ ಆಗಬಹುದು. ಎಲ್ಲರಿಗೂ ಒಂದೇ ಕೋರ್ಟು ಇಲ್ಲದಿರುವಾಗ ದೇಶಗಳು ಚಿಕ್ಕ ಗುಂಪುಗಳಲ್ಲಿ ಆಸರೆ ಹುಡುಕುತ್ತವೆ. ಡಬ್ಲ್ಯುಟಿಒದ ಮೂಲ ಒಪ್ಪಂದ ಗ್ಯಾಟ್‌ನ 24ನೇ ವಿಧಿ ಅದಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟಿದೆ.

ಗೋಕಾಕ ಕಬ್ಬು

ತಿಳೀತು ತಂಗಿ. ಇದನ್ನು ನಮ್ಮ ಕಾರ್ಖಾನೆ ಸಭೆಯಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಬನಹಟ್ಟಿ ಮಗ್ಗ

ಹಾಗಾದರೆ ನಮ್ಮ ದೇಶ ಈಗ ಯಾವ ದಾರಿ ಹಿಡಿದಿದೆ? ಹೊರಗೇ ಇರುತ್ತೇವಾ?

ನವನಗರ ಮಾಸ್ತರ (ಬಾಗಲಕೋಟೆ)

ಇಲ್ಲ. ದೊಡ್ಡ ಗುಂಪು ಬಿಟ್ಟು ಒಬ್ಬೊಬ್ಬರ ಜೊತೆ ಕೂತು ಮಾತಾಡುವ ದಾರಿ. ಯುಎಇ ಜೊತೆ 2022ರ ಮೇ 1ರಿಂದ, ಆಸ್ಟ್ರೇಲಿಯಾ ಜೊತೆ 2022ರ ಡಿಸೆಂಬರ್ 29ರಿಂದ ಜಾರಿ. ಸ್ವಿಟ್ಜರ್ಲೆಂಡ್, ನಾರ್ವೆ ಇರುವ ಇಎಫ್‌ಟಿಎ ಜೊತೆ 2025ರ ಅಕ್ಟೋಬರ್ 1ರಿಂದ. ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿ. ಅದರಲ್ಲಿ ನಮ್ಮ ಬಟ್ಟೆಗೆ ಸುಂಕ ಸೊನ್ನೆ. ಬ್ರಿಟನ್‌ನಲ್ಲಿ ಬಾಂಗ್ಲಾದೇಶಕ್ಕೆ ಈ ಅನುಕೂಲ ಮೊದಲಿನಿಂದ ಇತ್ತು, ನಮಗೆ ಇರಲಿಲ್ಲ. ಬನಹಟ್ಟಿಯವರಿಗೆ ಅದು ಸಣ್ಣ ಮಾತಲ್ಲ. ಅಮೆರಿಕ 2022ರಲ್ಲಿ ಕಟ್ಟಿದ ಇಂಡೊ-ಪೆಸಿಫಿಕ್ ಆರ್ಥಿಕ ಕೂಟ ಐಪಿಇಎಫ್‌ನಲ್ಲೂ ಭಾರತ ಇದೆ, ಆದರೆ ಅದರ ವ್ಯಾಪಾರದ ಭಾಗಕ್ಕೆ ಮಾತ್ರ ಸೇರಲಿಲ್ಲ.

ಈ ದಾರಿಯಲ್ಲಿ ತಿಕೋಟಾ ಅಣ್ಣನ ಹಾಲು, ದ್ರಾಕ್ಷಿಗೆ ಕಾವಲು ಹಾಕಲು ಆಗುತ್ತದೆ. ಆದರೆ ನಿಧಾನ. ಯುರೋಪ್ ಜೊತೆ 2007ರಲ್ಲಿ ಮಾತು ಶುರುವಾಯಿತು, 2013ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಹೊರಟಿತು. ಆ ನಡುವೆ ವಿಯೆಟ್ನಾಂ ಬಂದು ಸಹಿ ಹಾಕಿ ಹೋಯಿತು. ನನಗೆ ಸಂಕಟ ಆಗೋದು ಇಲ್ಲಿ. ಚೀನಾ ಜೊತೆ ಸೇರದಿದ್ದಕ್ಕೆ ನನಗೆ ಬೇಸರವಿಲ್ಲ. ಸೇರಲಿಲ್ಲ ಅಂದ ಮೇಲೆ ಬೇರೆ ಬಾಗಿಲು ತೆಗೆಯಲು ಇಷ್ಟು ವರ್ಷ ಹಿಡಿಯಬಾರದಿತ್ತು.

ಹೊರಗಿದ್ದವರ ಗತಿ 2025ರ ಆಗಸ್ಟ್‌ನಲ್ಲೂ ಕಂಡಿತು. ಅಮೆರಿಕ ನಮ್ಮ ಮೇಲೆ ಮೊದಲು ಶೇ 25, ಆಮೇಲೆ ರಷ್ಯಾ ತೈಲದ ಕಾರಣಕ್ಕೆ ಇನ್ನೂ ಶೇ 25 ಹಾಕಿತು. ಆದರೆ ಯುಎಸ್‌ಎಂಸಿಎ ನಿಯಮಕ್ಕೆ ಒಳಪಟ್ಟ ಮೆಕ್ಸಿಕೊ, ಕೆನಡಾ ಸರಕಿನ ಬಹುಪಾಲು ಆ ವರ್ಷದ ಹೊಸ ಸುಂಕದಿಂದ ತಪ್ಪಿಸಿಕೊಂಡಿತು. ಅವರ ಮೇಲೂ ಟ್ರಂಪ್‌ಗೆ ಕೋಪ ಇತ್ತು. ಕಾಗದ ಕಾಪಾಡಿತು.

ತಿಕೋಟಾ ಬೆಳೆಗಾರ (ವಿಜಯಪುರ)

ಮಾಸ್ತರ ಮಾತು ಒಪ್ಪುತ್ತೇನೆ, ಒಂದು ಶರತ್ತಿನ ಮೇಲೆ. ಮೂಲದ ನಿಯಮ ಬರೆಯುವಾಗ ಬೆಳೆಗಾರನನ್ನು ಕೇಳಬೇಕು. ಮಣೂಕಕ್ಕೆ 'ಪೂರ್ತಿ ಅದೇ ದೇಶದಲ್ಲಿ ಬೆಳೆದದ್ದು' ಅನ್ನುವ ನಿಯಮ ಸಾಮಾನ್ಯವಾಗಿ ಇರುತ್ತದೆ. ಆದರೆ ಚೀಲದ ಮೇಲೆ ಬರೆದದ್ದನ್ನು ಬಂದರಿನಲ್ಲಿ ಯಾರು ಪರೀಕ್ಷೆ ಮಾಡುತ್ತಾರೆ? ನಮ್ಮ ದ್ರಾಕ್ಷಿ ಯುರೋಪಿಗೆ ಹೋಗಬೇಕಾದರೆ ಔಷಧದ ಅಂಶ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ನೋಡಿಯೇ ಬಿಡುತ್ತಾರೆ. ನಮ್ಮ ಬಂದರಿನಲ್ಲೂ ಅಷ್ಟೇ ಬಿಗಿ ಇರಲಿ.

ನವನಗರ ಮಾಸ್ತರ (ಬಾಗಲಕೋಟೆ)

ಅದಕ್ಕೆ ಕಾನೂನು ಬಂದಿದೆ ಅಣ್ಣಾರ. 2020ರ ಸೆಪ್ಟೆಂಬರ್ 21ರಿಂದ ಕೆರೋಟಾರ್ ಎಂಬ ಕಸ್ಟಮ್ಸ್ ನಿಯಮ ಜಾರಿಯಲ್ಲಿದೆ. ರಿಯಾಯಿತಿ ಸುಂಕ ಬೇಕು ಅನ್ನುವ ಆಮದುದಾರ ಬರೀ ಮೂಲದ ಪ್ರಮಾಣಪತ್ರ ತೋರಿಸಿದರೆ ಸಾಲದು. ಸರಕು ಹೇಗೆ ಆ ದೇಶದ್ದಾಯಿತು ಅನ್ನುವ ಮಾಹಿತಿ ಅವನ ಹತ್ತಿರ ಇರಬೇಕು, ಐದು ವರ್ಷ ಇಟ್ಟುಕೊಳ್ಳಬೇಕು. ಅಧಿಕಾರಿ ಸಂಶಯ ಬಂದರೆ ಕೇಳಬಹುದು, ರಿಯಾಯಿತಿ ನಿರಾಕರಿಸಬಹುದು. ಬೆಳೆಗಾರರ ಸಂಘಗಳು ಮನವಿ ಕೊಡುವಾಗ ಈ ನಿಯಮದ ಹೆಸರು ಹಿಡಿದೇ ಕೇಳಬೇಕು. ಸುಮ್ನೆ 'ಆಮದು ನಿಲ್ಲಿಸಿ' ಅಂದರೆ ಕಡತ ಮುಂದೆ ಹೋಗುವುದಿಲ್ಲ.

ಉದ್ಯಮಬಾಗ ಎರಕ (ಬೆಳಗಾವಿ)

ನನ್ನದೊಂದು ಕೊನೆಯ ಪ್ರಶ್ನೆ ಮಾಸ್ತರ್ರೇ. ನಮ್ಮ ಕುಲುಮೆಗೆ ಹಾಕುವ ಸ್ಕ್ರ್ಯಾಪ್‌ನಲ್ಲಿ ಹೊರದೇಶದ್ದೂ ಇರುತ್ತದೆ. ಬ್ರಿಟನ್ ಒಪ್ಪಂದದಂಥದ್ದರಲ್ಲಿ ನಮ್ಮ ಕಾಸ್ಟಿಂಗ್ ಭಾರತದ್ದು ಅಂತ ಲೆಕ್ಕಕ್ಕೆ ಬರುತ್ತದಾ?

ನವನಗರ ಮಾಸ್ತರ (ಬಾಗಲಕೋಟೆ)

ಪ್ರತಿ ಒಪ್ಪಂದದ ಪಟ್ಟಿಯಲ್ಲಿ ನಿಮ್ಮ ಸರಕಿನ ಎಚ್‌ಎಸ್ ಕೋಡ್ (ಸರಕಿನ ಬಗೆ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಎದುರು ನಿಯಮ ಬರೆದಿರುತ್ತದೆ, ಅದನ್ನೇ ನೋಡಬೇಕು. ಸಾಮಾನ್ಯವಾಗಿ ಎರಡರಲ್ಲಿ ಒಂದು ಇರುತ್ತದೆ. ಒಳಗೆ ಹೋದ ಮಾಲಿನ ಕೋಡು, ಹೊರಬಂದ ಮಾಲಿನ ಕೋಡು ಬೇರೆ ಆಗಿರಬೇಕು. ಇಲ್ಲವೇ ಇಷ್ಟು ಶೇಕಡ ಮೌಲ್ಯ ಇಲ್ಲೇ ಸೇರಿರಬೇಕು. ಕೆಲವು ಕಡೆ ಎರಡೂ. ಸ್ಕ್ರ್ಯಾಪ್ ಕರಗಿಸಿ ಎರಕ ಹೊಯ್ದರೆ ಕೋಡು ಬದಲಾಗುತ್ತದೆ, ಹಾಗಾಗಿ ಮೊದಲನೆಯ ಬಗೆಯಲ್ಲಿ ನಿಮಗೆ ಅನುಕೂಲ. ಎರಡನೆಯದಕ್ಕೆ ಲೆಕ್ಕ ಬೇಕು: ಸ್ಕ್ರ್ಯಾಪ್ ಬಿಲ್ಲು, ಪಿಗ್ ಐರನ್ ಬಿಲ್ಲು, ಹೀಟ್ ನಂಬರ್ (ಪ್ರತಿ ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ), ವಿದ್ಯುತ್ತು, ಕೂಲಿ. ಬ್ರಿಟನ್ ಒಪ್ಪಂದದಲ್ಲಿ ರಫ್ತುದಾರ ತಾನೇ ಮೂಲದ ಘೋಷಣೆ ಕೊಡಲು ಅವಕಾಶ ಇದೆ. ಬೇರೆ ಹಲವು ಕಡೆಗಳಿಗೆ ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ ಡಿಜಿಎಫ್‌ಟಿಯ ಆನ್‌ಲೈನ್ ವ್ಯವಸ್ಥೆಯಿಂದ ಪ್ರಮಾಣಪತ್ರ ತೆಗೆಯಬೇಕು. ನೀವು ನೇರ ರಫ್ತು ಮಾಡದಿದ್ದರೂ ನಿಮ್ಮಿಂದ ಕೊಳ್ಳುವ ದೊಡ್ಡ ಕಂಪನಿ ಈ ಕಾಗದ ಕೇಳಿಯೇ ಕೇಳುತ್ತದೆ.

ಉದ್ಯಮಬಾಗ ಎರಕ (ಬೆಳಗಾವಿ)

ಹೀಟ್ ನಂಬರ್ ಪ್ರಕಾರ ಸ್ಕ್ರ್ಯಾಪ್ ಲೆಕ್ಕ ಬರೆದಿಡುವುದನ್ನು ಈ ತಿಂಗಳಿಂದಲೇ ಶುರು ಮಾಡಿಸುತ್ತೇನೆ. ಮಚ್ಛೆ, ಉದ್ಯಮಬಾಗದ ಬೇರೆ ಫೌಂಡ್ರಿಯವರು ಈಗಾಗಲೇ ಯಾವುದಾದರೂ ನಮೂನೆ ಇಟ್ಟುಕೊಂಡಿದ್ದರೆ ಇಲ್ಲೇ ಹಾಕಿ. ಇಲ್ಲದವರು ಸೇರಿ ಒಂದು ತಯಾರು ಮಾಡೋಣ.